ಟಾರ್ಚ್ ಎಲ್ಲಿ ಹೋಯ್ತು?

ನಮ್ಮ ಕಾಲೋನಿಗೆ ನಲ್ಲಿ ನೀರು ಬರುವ ಮೊದಲೇ ಟಿ.ವಿ. ಬಂತು. ಗೌಡಗೆರೆ ಅಂದರೆ ಶಿರಾ ತಾಲ್ಲೂಕಿನ ಒಂದು ಹೋಬಳಿ. ಹೆಸರಲ್ಲಿ ಗೌಡನೂ ಇದ್ದಾನೆ, ಕೆರೆಯೂ ಇದೆ, ಕೇರಿ ಮಾತ್ರ ಇಲ್ಲ. ಆ ಇಲ್ಲದ ಕೇರಿ ನಮ್ಮದು. ಸರ್ಕಾರದ ಕಾಗದದಲ್ಲಿ ಎ.ಕೆ. ಕಾಲೋನಿ, ಊರವರ ಬಾಯಲ್ಲಿ ಬೇರೆ ಹೆಸರು. ಅಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಧಾರಾವಾಹಿ ನೋಡುವ, ನೋಡುತ್ತಾ ನೋಡುತ್ತಾ ಜಗಳಕ್ಕೆ ಬೀಳುವ ನಮ್ಮ ಅವ್ವಂದಿರ ಬಗ್ಗೆ ಬರೆಯಬೇಕಾಗಿದೆ. ಸಂಘಟನೆಯ ಗೆಳೆಯರು ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇವೆ.

ಯಾಕೆಂದರೆ ಗೆಳೆಯರಿಗೂ ನಮಗೂ ಈ ವಿಷಯದಲ್ಲಿ ಒಂದು ತಕರಾರಿದೆ. ಒಂದು ಅಧ್ಯಯನ ಶಿಬಿರದಲ್ಲಿ ಹಿರಿಯ ಗೆಳೆಯರೊಬ್ಬರು ಮಾತಾಡುತ್ತಾ, 'ಟಿ.ವಿ. ಧಾರಾವಾಹಿ ಅನ್ನೋದು ಬಂಡವಾಳಶಾಹಿ ನಮ್ಮ ಹೆಣ್ಣುಮಕ್ಕಳಿಗೆ ಹಾಕುತ್ತಿರುವ ಬೂಸಾ' ಅಂದರು. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಅದೇ ಮಾತು ಆಡಿ ಮಂತ್ರಿಗಿರಿ ಕಳೆದುಕೊಂಡರು. ಅವರು ಆಡಿದ್ದು ಪಂಡಿತರ ವಿರುದ್ಧ. ನಮ್ಮ ಗೆಳೆಯರು ಆಡಿದ್ದು ನಮ್ಮ ಅವ್ವನ ವಿರುದ್ಧ. ಅದಕ್ಕೆ ಯಾವ ಗದ್ದಲವೂ ಆಗಲಿಲ್ಲ. ಮನೆಗೆ ಬಂದು ಅಜ್ಜಿಗೆ ಹೇಳಿದೆವು. ಅಜ್ಜಿ ಹುಣಸೆ ನಾರು ಎಳೆಯೋದು ನಿಲ್ಲಿಸದೆ ಹೇಳಿತು: 'ಬೂಸಾ ತಿಂದ್ ಹಸಾನೇ ಅಲ್ವೇನ್ಲಾ ಹಾಲ್ ಕೊಡೋದು? ನಿಮ್ ಶಿಬಿರದೋರು ಹಸ ಕಟ್ಟಿಲ್ಲ ಅಂತ ಕಾಣ್ತದೆ.'

ನಾವು ಚಿಕ್ಕವರಿದ್ದಾಗ ಕಾಲೋನಿಯಲ್ಲಿ ಟಿ.ವಿ. ಇರಲಿಲ್ಲ. ಊರೊಳಗಿನ ಒಂದು ಮನೆಯ ಹಿಂದಿನ ಕಿಟಕಿ ನಮಗೆ ಮೀಸಲಾಗಿತ್ತು. ಒಳಗೆ ಕರೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ಕಿಟಕಿ ಸರಳು ಮುಟ್ಟಬಾರದು, ಅಷ್ಟೆ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲಬೇಕು. ಸೊಳ್ಳೆ ಕಚ್ಚಿದರೆ ಕಾಲಿಗೆ ಕಾಲು ಉಜ್ಜಿಕೊಳ್ಳಬೇಕು. ಒಳಗಿನವರು ಊಟಕ್ಕೆ ಕೂತರೆ ಕಿಟಕಿ ಮುಚ್ಚುತ್ತಿತ್ತು, ಕತೆ ಅಲ್ಲಿಗೇ ನಿಂತುಬಿಡುತ್ತಿತ್ತು. ಕತ್ತಲಲ್ಲಿ ಕಾಲೋನಿಗೆ ವಾಪಸ್ ನಡೆಯುವಾಗ ಉಳಿದದ್ದನ್ನು ನಾವೇ ಹೇಳಿಕೊಳ್ಳುತ್ತಿದ್ದೆವು. ಸೊಸೆ ಸತ್ತಳು ಅಂತ ಒಬ್ಬ, ಸಾಯಲಿಲ್ಲ ಅತ್ತೆಯೇ ವಿಷ ಕುಡಿದಳು ಅಂತ ಇನ್ನೊಬ್ಬ. ಮಾರನೇ ದಿನ ನಿಜ ಕತೆ ಗೊತ್ತಾದಾಗ ನಮ್ಮದೇ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಮುಂದೆ ನಾವು ಕವಿತೆ ಬರೆಯಲು ಕೂತದ್ದಕ್ಕೂ ಆ ಕಿಟಕಿಗೂ ಸಂಬಂಧ ಇದೆಯೋ ಇಲ್ಲವೋ, ಅದನ್ನು ವಿಮರ್ಶಕರು ನೋಡಿಕೊಳ್ಳಲಿ.

ಒಂದು ದಿನ ಅವ್ವ ನಮ್ಮನ್ನು ಕರೆದುಕೊಂಡು ಹೋಗಲು ಬಂದವಳು, ನಾವು ಕೈ ಕಟ್ಟಿಕೊಂಡು ನಿಂತ ರೀತಿ ನೋಡಿದಳು. ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಶಿರಾದಿಂದ ಒಂದು ಹಳೇ ಟಿ.ವಿ. ಹೊರಿಸಿಕೊಂಡು ಬಂದಳು. ಸಂಘದ ಪುಸ್ತಕದಲ್ಲಿ ಬರೆಸಿದ್ದು ಮೇಕೆ ಸಾಲ ಅಂತ. ಆಮೇಲೆ ಬಹಳ ವರ್ಷ ನಮ್ಮ ಮನೆ ಟಿ.ವಿ.ಗೆ ಮೇಕೆ ಅಂತಲೇ ಹೆಸರು. 'ಮೇಕೆ ಹಾಕೋ' ಅಂದರೆ ಟಿ.ವಿ. ಹಾಕು ಅಂತ.

ಟಿ.ವಿ. ಬಂದ ಮೇಲೆ ನಮ್ಮ ಮನೆಯ ಮುಂದೆ ಸೇರುವ ಹೆಂಗಸರ ಕೈಗೆ ಕೆಲಸ ಇದ್ದೇ ಇರುತ್ತಿತ್ತು. ನಮ್ಮ ಕಡೆ ಹುಣಸೆ ಸುಗ್ಗಿ ಅಂದರೆ ಶಿವರಾತ್ರಿ ಆಜೂಬಾಜು ಶುರುವಾಗಿ ಬಿಸಿಲು ಮುಗಿಯುವವರೆಗೆ. ಸಾಹುಕಾರರು ಮೂಟೆ ತಂದು ಹಾಕುತ್ತಾರೆ. ಓಡು ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯಬೇಕು. ಕೇಜಿ ಲೆಕ್ಕದ ಕೂಲಿ. ಕೈ ಸುಮ್ಮನಿದ್ದರೆ ಕೂಲಿ ಇಲ್ಲ. ಹಾಗಾಗಿ ನಮ್ಮವರು ಧಾರಾವಾಹಿಯನ್ನು ಕಣ್ಣಿನಿಂದ ನೋಡಿದ್ದಕ್ಕಿಂತ ಕಿವಿಯಿಂದ ಕೇಳಿದ್ದೇ ಹೆಚ್ಚು. ಸುತ್ತಿಗೆ ಸದ್ದಿನಲ್ಲಿ ಮಾತು ತಪ್ಪಿಹೋದರೆ 'ಏನಂದ್ಲು? ಏನಂದ್ಲು?' ಅಂತ ಒಬ್ಬರು ಕೂಗುವುದು, ಇನ್ನೊಬ್ಬರು ತಮಗೆ ಕೇಳಿದಂತೆ ಹೇಳುವುದು, ಮೂರನೆಯವರು 'ಹಂಗಲ್ಲ' ಅನ್ನುವುದು. ಅಲ್ಲಿಂದ ಚರ್ಚೆ.

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ಅವ್ವನಿಗೆ ಇಷ್ಟ. 1998ರಲ್ಲಿ ದೂರದರ್ಶನದ 'ಮಾಯಾಮೃಗ'ದಿಂದ ಹಿಡಿದು ಮುಂದೆ ಈಟಿವಿಯ 'ಮುಕ್ತ'ದವರೆಗೆ ಕನ್ನಡದಲ್ಲಿ ಕೋರ್ಟನ್ನು ನಡುಮನೆಗೆ ತಂದವರು ಅವರು. ಅವರೇ ವಕೀಲ ಸಿ.ಎಸ್.ಪಿ. ಆಗಿ ಎದ್ದು ನಿಂತರೆ ನಮ್ಮ ಕಾಲೋನಿಯ ಸುತ್ತಿಗೆಗಳು ನಿಲ್ಲುತ್ತಿದ್ದವು. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಪಾಟೀಸವಾಲು ಅಂದರೇನು, ಸಾಕ್ಷಿ ತಿರುಗಿಬೀಳುವುದು ಅಂದರೇನು, ಜಾಮೀನು ಯಾವುದಕ್ಕೆ ಸಿಗುತ್ತದೆ ಯಾವುದಕ್ಕೆ ಸಿಗೋದಿಲ್ಲ, ಇದೆಲ್ಲ ಅವಳು ಕಲಿತದ್ದು ಆ ಕಟಕಟೆಯಿಂದ. ನಾವು ಅದನ್ನು ಕಾಲೇಜಿನಲ್ಲಿ ಒಂದು ಪತ್ರಿಕೆಗೆ ಓದಿದೆವು, ಮರೆತೆವು.

ಕೊಲೆ ಕತೆಗಳು ಬಂದರಂತೂ ಹಬ್ಬ. ಹಿಂದಿಯ 'ಸಿ.ಐ.ಡಿ.' 1998ರಿಂದ 2018ರವರೆಗೆ ಇಪ್ಪತ್ತು ವರ್ಷ ನಡೆದು, 2024ರ ಕೊನೆಗೆ ಮತ್ತೆ ಬಂತು. ನಮ್ಮವರಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಮುಖ ನೋಡಿ ಕೊಲೆಗಾರನನ್ನು ಹಿಡಿಯುತ್ತಿದ್ದರು. ದಯಾ ಅನ್ನುವ ದಾಂಡಿಗ ಪೊಲೀಸು ಬಾಗಿಲು ಒದ್ದು ಮುರಿಯುವುದು ಬಂದಾಗ ಅಜ್ಜಿ, 'ಇವ್ನು ನಮ್ ಕಾಲೋನಿಗ್ ಬಂದ್ರೆ ಕೆಲ್ಸ್ವೇ ಇಲ್ಲ ಬಿಡು. ನಮ್ ಬಾಗ್ಲು ಕೆಮ್ಮಿದ್ರೆ ಬೀಳ್ತದೆ' ಅನ್ನುತ್ತಿತ್ತು. ಆಮೇಲೆ ಕನ್ನಡದಲ್ಲೇ 'ಶಾಂತಂ ಪಾಪಂ' ಥರದವು ಬಂದವು. ಅಷ್ಟರಲ್ಲಿ ನಮ್ಮ ಹೆಂಗಸರು ಇದರಲ್ಲಿ ಪಳಗಿದ್ದರು. ದೊಡ್ಡವ್ವನ ಲೆಕ್ಕ ಹೀಗೆ: ಮೊದಲನೇ ಹತ್ತು ನಿಮಿಷದಲ್ಲಿ ಆಳಿನ ಮೇಲೆ ಅನುಮಾನ ಬಂತೋ, ಅವನು ಕೊಂದಿಲ್ಲ. ಆಳನ್ನು ತೋರಿಸಿ, ಅವನ ಕೈಯಲ್ಲಿ ಒಂದೂ ಮಾತಾಡಿಸದೆ ಸುಮ್ಮನೆ ಬಿಟ್ಟರೋ, ಅವನೇ. ಅವ್ವನದು ಬೇರೆ ಲೆಕ್ಕ. 'ಸತ್ತೋನ್ ಆಸ್ತಿ ಯಾರಿಗೋಗ್ತದೆ ನೋಡು, ಆಮೇಲ್ ಮುಖ ನೋಡು.' ಅವ್ವ ಸೋತದ್ದು ಕಡಿಮೆ.

ಓದಿನ ಕಡೆಯಿಂದ ನಾವೂ ಪತ್ತೇದಾರಿಗೆ ಬಿದ್ದೆವು. ತುಮಕೂರಿನ ಹಾಸ್ಟೆಲಿನಲ್ಲಿದ್ದಾಗ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳು ಸಿಕ್ಕವು. ಪ್ರಾಥಮಿಕ ಶಾಲೆಯಿಂದ ಆಚೆಗೆ ಓದಲಾಗದ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು ಓದುವ ಚಟ ಹತ್ತಿಸಿಕೊಂಡವರು, ಕೂಡಿಸಿಕೊಂಡು ಓದಲು ಕಲಿತವರು ಕನ್ನಡದಲ್ಲಿ ಎಷ್ಟು ಜನವೋ. ಪಂಡಿತರು ಅದನ್ನು ಸಾಹಿತ್ಯ ಅನ್ನಲಿಲ್ಲ. ನಮ್ಮ ವಿಭಾಗದಲ್ಲಿ ಅವರ ಹೆಸರು ಒಂದು ಸಾಲಲ್ಲಿ ಬಂದು ಹೋಯಿತು. ರಾತ್ರಿ ಹಾಸ್ಟೆಲಿನಲ್ಲಿ ನಾವು ಅದೇ ಓದುತ್ತಿದ್ದೆವು, ಹಗಲು ನವ್ಯದ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು. ಊರಿಗೆ ಬಂದಾಗ ಆ ಕತೆಗಳನ್ನು ಹುಣಸೆ ಕುಟ್ಟುವಲ್ಲಿ ಕೂತು ಓದಿ ಹೇಳುವುದು ನಮ್ಮ ಕೆಲಸವಾಯಿತು. ಕೊನೇ ಅಧ್ಯಾಯಕ್ಕೆ ಮುಂಚೆ ನಿಲ್ಲಿಸುತ್ತಿದ್ದೆವು. ಬಯ್ಯುತ್ತಿದ್ದರು.

2020ರ ಜುಲೈ ತಿಂಗಳು. ಕೊರೋನಾ ಕಾಲ, ಹಾಸ್ಟೆಲು ಮುಚ್ಚಿ ನಾವು ಊರಲ್ಲಿದ್ದೆವು. ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತು. ಬಾಬಾಸಾಹೇಬರ ಬದುಕಿನ ಹಿಂದಿ ಧಾರಾವಾಹಿ, ಕನ್ನಡದ ಮಾತು ಕೂಡಿಸಿಕೊಂಡು ಬಂದಿತ್ತು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ತಡೆದಿದ್ದರು. 2012ರಲ್ಲಿ 'ಸತ್ಯಮೇವ ಜಯತೇ' ಅನ್ನುವ ಕಾರ್ಯಕ್ರಮ ಹಲವು ಭಾಷೆಗಳಲ್ಲಿ ಬಂದಾಗ, ಅದರಲ್ಲಿ ಅಸ್ಪೃಶ್ಯತೆಯ ಬಗ್ಗೆಯೇ ಒಂದು ಇಡೀ ಕಂತು ಇದ್ದರೂ, ಟಿ.ವಿ.ಯಲ್ಲಿ ಅದು ಕನ್ನಡ ಮಾತಾಡಲಿಲ್ಲ. ಕನ್ನಡ ಕಲಾವಿದರ ಅನ್ನದ ಪ್ರಶ್ನೆ ಅಂದರು. ಅನ್ನದ ಪ್ರಶ್ನೆ ನಮಗೆ ಅರ್ಥವಾಗುತ್ತದೆ. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಅಂತ ಆದೇಶ ಮಾಡಿತು. ದಿನಕ್ಕೆ ಹತ್ತಾರು ಧಾರಾವಾಹಿ ತಯಾರಾಗುವ ಭಾಷೆಯಲ್ಲಿ ಅಂಬೇಡ್ಕರ್ ನಮ್ಮ ಮನೆಯ ಟಿ.ವಿ.ಗೆ ಬಂದದ್ದು ಮಾತ್ರ ಇನ್ನೊಂದು ಭಾಷೆಯಿಂದ ಬಾಡಿಗೆಗೆ. ಇದನ್ನು ಕನ್ನಡಾಭಿಮಾನದ ಗೆಳೆಯರು ಯೋಚಿಸಬೇಕು.

ಆ ಮಳೆಗಾಲ ರಾಜ್ಯದ ಎಷ್ಟೋ ಊರುಗಳ ಕೇರಿಗಳಲ್ಲಿ ಆ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿಗೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ದನ್ನು ನಾವು ಬೇರೆಲ್ಲೂ ನೋಡಿಲ್ಲ. ಪ್ರಸಾರ ನಿಲ್ಲಿಸಿ ಅಂತ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆ ಬಂದದ್ದೂ ಪತ್ರಿಕೆಗಳಲ್ಲಿ ಬಂತು. ನಮ್ಮಲ್ಲಿ ನಾವೂ ಕಟ್ಟಿದೆವು. ಬಾಲಕ ಭೀಮ ಶಾಲೆಯಲ್ಲಿ ನೀರಿಗೆ ಕಾಯುವ ಭಾಗ ಬಂದ ಸಂಜೆ ಯಾರೂ ಚರ್ಚೆ ಮಾಡಲಿಲ್ಲ. ಜವಾನ ಬಂದು ಮೇಲಿಂದ ಹುಯ್ಯಬೇಕು, ಜವಾನ ಬರದ ದಿನ ನೀರಿಲ್ಲ. ಅವ್ವ ನಮ್ಮ ಕಡೆ ಒಂದು ಸಲ ನೋಡಿದಳು. ಕಿಟಕಿ ನೆನಪಾಗಿತ್ತು ಅಂತ ಕಾಣುತ್ತದೆ.

ಅದಾದ ಮೇಲೆ ನಮ್ಮ ಸಂಜೆಗಳ ಮಾತು ಬದಲಾಯಿತು. ಬೇರೆ ಧಾರಾವಾಹಿ ನೋಡುವಾಗಲೂ 'ಇದ್ರಾಗೆ ನಮ್ಮೋರು ಯಾರು?' ಅನ್ನುವ ಪ್ರಶ್ನೆ ಏಳತೊಡಗಿತು. ಮನೆ ತುಂಬಾ ಜನ, ಮೈ ತುಂಬಾ ಒಡವೆ, ಗುಡಿಸುವವಳು ಯಾರು? ಅವಳ ಮನೆ ಎಲ್ಲಿ? ಅವಳಿಗೆ ಮಕ್ಕಳಿಲ್ಲವೇ? ಕೊಲೆ ಕತೆಯಲ್ಲಿ ಸತ್ತವನು ಯಾವಾಗಲೂ ಕಾರಿದ್ದವನೇ ಯಾಕೆ? ನಾವು ಆಗ ಅವರಿಗೆ ಕಂಬಾಲಪಲ್ಲಿಯ ಕತೆ ಹೇಳಿದೆವು. ಚಿಂತಾಮಣಿ ತಾಲ್ಲೂಕು, ಆಗ ಕೋಲಾರ ಜಿಲ್ಲೆ. 2000ನೇ ಇಸವಿ ಮಾರ್ಚ್ 11ರಂದು ಏಳು ಜನ ದಲಿತರು ಮನೆಯೊಳಗೆ ಬೆಂಕಿಯಲ್ಲಿ ಬೆಂದು ಸತ್ತರು. ಸಾಕ್ಷಿಗಳು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸತ್ತದ್ದು ನಿಜ, ಬೆಂಕಿ ನಿಜ. ಹಚ್ಚಿದವರು ಯಾರು ಅನ್ನುವುದಕ್ಕೆ ಕಾಗದದಲ್ಲಿ ಉತ್ತರವಿಲ್ಲ.

ಕೊನೇ ಪುಟವೇ ಇಲ್ಲದ ಪತ್ತೇದಾರಿ ಅಂತ ನಾವು ಕವಿಯ ಹಾಗೆ ಏನೋ ಹೇಳಲು ಹೋದೆವು. ಅವ್ವ ತಡೆದಳು. 'ಸಾಕ್ಷಿ ಯಾಕ್ ತಿರುಗ್ತು ಅನ್ನೋದೇ ಕತೆ ಕಣೋ. ಅದನ್ನ ಯಾರೂ ತೋರ್ಸಲ್ಲ. ಸೀರಿಯಲ್‌ನಾಗೆ ಸಾಕ್ಷಿ ಕಟಕಟೆ ಇಳ್ದು ಕಾರ್ ಹತ್ತಿ ಮನೆಗೋಗ್ತಾನೆ. ನಮ್ ಸಾಕ್ಷಿ ಕಟಕಟೆ ಇಳ್ದು ನಾಳೀಕ್ ಯಾರ್ ಹೊಲಕ್ ಕೂಲಿಗೋಗ್ಬೇಕು?'

ನಾವು ಎಂ.ಎ. ಮಾಡಿದ್ದೇವೆ. ಈ ಒಂದು ಮಾತಿನಷ್ಟು ನೆಟ್ಟಗೆ ಯಾವ ಪಠ್ಯದಲ್ಲೂ ಓದಿರಲಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಸಿನಿಮಾ ನೋಡಲು ಹೋದಲ್ಲಿ ಎದ್ದ ಜಗಳ ಕೇರಿಗೆ ಬೆಂಕಿಯಾಗಿ ಬಂದದ್ದು 2014ರ ಆಗಸ್ಟ್‌ನಲ್ಲಿ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ ಸುದ್ದಿ ಬಂದ ದಿನ ಅಜ್ಜಿ ಕೇಳಿದ್ದು ಎರಡೇ. 'ಅಲ್ಲಿ ಸಾಕ್ಷಿ ನಿಂತ್ರಾ? ಹತ್ವರ್ಷ ಅವ್ರು ಏನ್ ಉಂಡ್ರು?'

ಈಗ ಚಿಕ್ಕವ್ವನ ವಿಷಯ. ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದ್ದೇವೆ.

ಚಿಕ್ಕಪ್ಪ ತೀರಿಕೊಂಡದ್ದು 2012ರ ಕಾರ್ತಿಕದಲ್ಲಿ. ಆಗ ನಮಗೆ ಹದಿಮೂರು. ಜೀತ ರದ್ದು ಮಾಡಿ 1976ರಲ್ಲೇ ಕಾಯ್ದೆ ಬಂದಿದೆ, ಹಾಗಾಗಿ ಚಿಕ್ಕಪ್ಪ ಜೀತಕ್ಕಿದ್ದ ಅನ್ನುವಂತಿಲ್ಲ. 'ವರ್ಷದ ಲೆಕ್ಕಕ್ಕೆ' ಇದ್ದ. ಒಂದು ಅಡಿಕೆ ತೋಟದಲ್ಲಿ ರಾತ್ರಿ ನೀರು ಕಟ್ಟುವ ಕೆಲಸ. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಕೊಡುತ್ತಿದ್ದರು. ಹತ್ತಕ್ಕೋ ಹನ್ನೆರಡಕ್ಕೋ ಎದ್ದು ಹೋಗಿ ಮೋಟ್ರು ಹಾಕಬೇಕು, ಪಾತಿ ಪಾತಿಗೆ ನೀರು ತಿರುಗಿಸಬೇಕು. ಒಂದು ಬೆಳಿಗ್ಗೆ ತೋಟದ ಪಕ್ಕದ ಪಾಳುಬಾವಿಯಲ್ಲಿ ಸಿಕ್ಕ. ಕುಡಿದು ಕಾಲು ಜಾರಿ ಬಿದ್ದ ಅಂದರು. ಅಸಹಜ ಸಾವು ಅಂತ ಬರೆದುಕೊಂಡರು. ಚಿಕ್ಕವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಣ್ಣಿಗೆ ದುಡ್ಡು ಕೊಟ್ಟರು. ಅದರ ಹಿಂದಿನ ವಾರ ಚಿಕ್ಕಪ್ಪ ವರ್ಷದ ಲೆಕ್ಕ ಕೇಳಿ ಬೈಸಿಕೊಂಡು ಬಂದಿದ್ದ ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೋ ತಳ್ಳಿದರು ಅಂತ ನಾವು ಬರೆಯುತ್ತಿಲ್ಲ. ಕುಡಿಯುತ್ತಿದ್ದದ್ದೂ ಹೌದು.

ಹನ್ನೆರಡು ವರ್ಷ ಚಿಕ್ಕವ್ವ ದಿನಾ ಸಂಜೆ ನಮ್ಮ ಮನೆಯ ಮುಂದೆ ಕೂತು ಹುಣಸೆ ಕುಟ್ಟಿದ್ದಾಳೆ. ಕೊಲೆಗಾರ ಯಾರು ಅಂತ ಅವಳು ಒಂದು ದಿನವೂ ಹೇಳಿದ್ದಿಲ್ಲ. ನಾವು ಅದನ್ನು ಗಮನಿಸಿರಲೂ ಇಲ್ಲ. ಹೋದ ಸುಗ್ಗಿಯಲ್ಲಿ ಒಂದು ಸಂಜೆ, ಯಾವುದೋ ಅಪರಾಧದ ಕತೆ ನಡೆಯುತ್ತಿತ್ತು. ಪೊಲೀಸಿನವನು ಹೆಣದ ಹತ್ತಿರ ಕೂತು, ಇವನ ಮೊಬೈಲ್ ಎಲ್ಲಿ ಅಂತ ಕೇಳಿದ. ನಮ್ಮ ಹೆಂಗಸರು ಒಟ್ಟಿಗೆ 'ಹಾಂ! ಮೊಬೈಲ್!' ಅಂದರು. ಚಿಕ್ಕವ್ವ ಸುತ್ತಿಗೆ ಕೆಳಗಿಟ್ಟಳು.

'ನಮ್ಮನೇರ್ ಟಾರ್ಚ್ ಎಲ್ಲೋಯ್ತು?'

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅವಳೇ ಹೇಳಿದಳು. ಮೂರು ಸೆಲ್ಲಿನ ಸ್ಟೀಲ್ ಟಾರ್ಚ್. ಶಿರಾ ಸಂತೆಯಲ್ಲಿ ತಂದದ್ದು. ಹಿಡಿಗೆ ಕೆಂಪು ನೂಲು ಸುತ್ತಿ ಕೊರಳಿಗೆ ಹಾಕಿಕೊಳ್ಳೋ ಹಾಗೆ ಮಾಡಿಕೊಂಡಿದ್ದ. ಅವತ್ತು ರಾತ್ರಿ ಕೊರಳಿಗೆ ಹಾಕಿಕೊಂಡೇ ಹೋದ. ಹೆಣ ಮೇಲೆತ್ತಿದಾಗ ಕೊರಳಲ್ಲಿ ಇರಲಿಲ್ಲ. ಬಾವಿ ಒಣಗಿದ್ದು, ಮೊಣಕಾಲುದ್ದ ನೀರೂ ಇರಲಿಲ್ಲ. ಇಳಿದವರು ಎಕ್ಕಡ ತಂದುಕೊಟ್ಟರು, ಟವಲ್ಲು ತಂದುಕೊಟ್ಟರು. ಟಾರ್ಚ್ ತಂದುಕೊಡಲಿಲ್ಲ.

ಟಿ.ವಿ.ಯಲ್ಲಿ ಕತೆ ಮುಂದೆ ಹೋಯಿತು, ಅದನ್ನು ಯಾರೂ ನೋಡಲಿಲ್ಲ. ಮೊದಲು ಧಾರಾವಾಹಿಯ ಬಗ್ಗೆ ಮಾತಾಡಿದ ಹಾಗೇ ಮಾತಾಡಿದರು. ಬೀಳುವಾಗ ದಾರ ಹರಿದು ದೂರ ಹಾರಿರಬಹುದು ಅಂತ ಪಕ್ಕದ ಮನೆ ಅತ್ತೆ. ಹಾರಿದ್ದರೆ ಬೆಳಿಗ್ಗೆ ಸಿಗಬೇಕಿತ್ತಲ್ಲ ಅಂತ ಅಜ್ಜಿ. ಯಾರಾದರೂ ಎತ್ತಿಟ್ಟುಕೊಂಡಿರಬಹುದು, ಸ್ಟೀಲಿನದು ಅಂತ ಇನ್ನೊಬ್ಬರು. ಆಮೇಲೆ ದನಿ ತಗ್ಗಿತು. ದೊಡ್ಡವ್ವ ಎದ್ದುಬಿಟ್ಟಳು. ಅವಳ ಮಗ ಇವತ್ತಿಗೂ ಅದೇ ತೋಟಕ್ಕೆ ಹೋಗುತ್ತಾನೆ. 'ಹೋದ್ ಜೀವ ಬರ್ತದಾ? ಇರೋರ್ ಗಂಜಿಗೆ ಕಲ್ ಹಾಕ್ಬ್ಯಾಡಿ' ಅಂದು ಹೊರಟಳು. ಎರಡು ವಾರ ಟಿ.ವಿ. ನೋಡಲು ಬರಲಿಲ್ಲ. ಅವಳದು ತಪ್ಪು ಅಂತ ಹೇಳುವ ಧೈರ್ಯ ನಮಗಿಲ್ಲ. ಕಂಬಾಲಪಲ್ಲಿಯ ಸಾಕ್ಷಿಗಳ ಬಗ್ಗೆ ಅವ್ವ ಹೇಳಿದ್ದು ನಮ್ಮ ಮನೆಯ ಮುಂದೆಯೇ ನಡೆದುಹೋಯಿತು.

ನಾವು ಆ ರಾತ್ರಿ ಮಲಗಲಿಲ್ಲ. ನರಸಿಂಹಯ್ಯನವರ ಅಷ್ಟು ಕಾದಂಬರಿ ಓದಿದ್ದೆವು. ದೌರ್ಜನ್ಯ ತಡೆ ಕಾಯ್ದೆ 1989ರದು, ಅದರ ನಿಯಮ 1995ರದು, ತನಿಖೆ ಮಾಡುವವರು ಡಿವೈಎಸ್ಪಿ ದರ್ಜೆಗೆ ಕಡಿಮೆ ಇರಬಾರದು ಅಂತ ಶಿಬಿರಗಳಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆವು. ಅಸಹಜ ಸಾವು ಅಂತ ಬರೆದುಬಿಟ್ಟರೆ ಆ ಕಾಯ್ದೆಯ ಬಾಗಿಲೇ ತೆರೆಯೋದಿಲ್ಲ ಅನ್ನುವುದೂ ಗೊತ್ತಿತ್ತು. ಟಾರ್ಚ್ ಎಲ್ಲಿ ಅಂತ ನಮಗೆ ಹೊಳೆದಿರಲಿಲ್ಲ.

ಮಾರನೇ ದಿನ ಚಿಕ್ಕವ್ವ ಬಂದು, 'ಏನಾರ ಕಾಗ್ದ ಬರೆಯಕ್ ಬರ್ತದೇನಪ್ಪ?' ಅಂತ ಕೇಳಿದಳು. ಅವಳಿಗೆ ಬೇಕಾದದ್ದು ಯಾರನ್ನೂ ಜೈಲಿಗೆ ಹಾಕಿಸುವುದಲ್ಲ ಅಂತಲೂ ಹೇಳಿದಳು. ಅವತ್ತು ಏನು ಬರೆದುಕೊಂಡರು, ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿತ್ತು, ಅಷ್ಟು ಓದಿಸಿ ಕೇಳಬೇಕು. ಹನ್ನೆರಡು ವರ್ಷದ ಹಿಂದೆ ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು ಅಂತಾಯಿತು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಜೆರಾಕ್ಸ್ ಇಟ್ಟರೆ ಸಾಕು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಮಾತಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಕವಿತೆಯಲ್ಲಿ ಪದ ಉಳಿಸುವುದು ನಮಗೆ ಯಾವತ್ತೂ ಬಂದಿಲ್ಲ, ಸಂಪಾದಕರು ಸಾಕ್ಷಿ. ಇಲ್ಲಿ ಉಳಿಸಬೇಕಾಯಿತು. ಮೃತರ ಹೆಸರು, ದಿನಾಂಕ, ಅಸಹಜ ಸಾವಿನ ವರದಿ, ಶವಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಸ್ಥಳದ ಮಹಜರು, ಇವುಗಳ ನಕಲು ಕೊಡಿ. ಮೂರು ಸಲ ಬರೆದು ಹರಿದೆವು. ನಾಲ್ಕನೆಯದನ್ನು ಹುಣಸೆ ರಾಶಿಯ ಪಕ್ಕ ಕೂತು ಚಿಕ್ಕವ್ವನಿಗೆ ಓದಿದೆವು. ಟಿ.ವಿ.ಯ ಸದ್ದು ಅಜ್ಜಿ ತಾನೇ ಕಡಿಮೆ ಮಾಡಿತು. ದೊಡ್ಡವ್ವ ತನ್ನ ಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಈಚೆಗೆ ಬರಲಿಲ್ಲ.

ಓದಿ ಮುಗಿಸಿದ ಮೇಲೆ ಚಿಕ್ಕವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಟಾರ್ಚ್ ಬಂದೇ ಇಲ್ವಲ್ಲಪ್ಪ' ಅಂದಳು.

ಪ್ರಶ್ನೆ ಕೇಳುವ ಹಾಗಿಲ್ಲ ಚಿಕ್ಕವ್ವ, ಇರುವ ಕಾಗದದ ನಕಲು ಮಾತ್ರ ಕೇಳಬಹುದು ಅಂತ ಹೇಳಿದೆವು. ಅವಳಿಗೆ ಅದು ಹಿಡಿಸಲಿಲ್ಲ. ಯೋಚನೆ ಮಾಡಿ ಕೊನೆಗೆ ಒಂದು ಸಾಲು ಸೇರಿಸಿದೆವು: ಮೃತರ ಮೈಮೇಲೆ ಹಾಗೂ ಸ್ಥಳದಲ್ಲಿ ಸಿಕ್ಕ ವಸ್ತುಗಳ ಪಟ್ಟಿ, ಟಾರ್ಚ್ ಸಿಕ್ಕಿದ್ದಲ್ಲಿ ಅದೂ ಸೇರಿದಂತೆ. ಎಣಿಸಿದೆವು. 147 ಪದವಾಯಿತು. ಚಿಕ್ಕವ್ವ ಈ ಸಲ ಹೆಬ್ಬೆಟ್ಟು ಒತ್ತಲಿಲ್ಲ. ಸಂಘದಲ್ಲಿ ಕಲಿತ ಸಹಿ ಹಾಕಿದಳು, ಕೈಗಂಟಿದ ಹುಣಸೆ ಕಾಗದದ ಮೂಲೆಗೆ ಮೆತ್ತಿಕೊಂಡಿತು. ಬೇರೆ ಬರೆಯೋಣ ಅಂದೆವು. ಬೇಡ ಅಂದಳು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಶಿರಾಕ್ಕೆ ಹೋಗಿ ಹಾಗೇ ರಿಜಿಸ್ಟರ್ ಮಾಡಿ ಬಂದೆವು.